ಚುಕ್ಕಿ ಇಟ್ಟು ಬಿಟ್ಟ ಹೆಸರು

ನಮ್ಮ ಅತ್ತೆಯವರ ಮಾತು ನಿಂತದ್ದು ಒಂದು ಮಧ್ಯಾಹ್ನ, ರೊಟ್ಟಿ ಬಡಿಯುವ ಹೊತ್ತಿನಲ್ಲಿ. ನನ್ನ ಎದುರಿಗೆ ಕೂತು ಹಿಟ್ಟು ನಾದಿ ಕೊಡುತ್ತಿದ್ದವರು ಏನೋ ಹೇಳಲು ಬಾಯಿ ತೆರೆದರು, ಬರಲಿಲ್ಲ. ಮತ್ತೊಮ್ಮೆ ತೆರೆದರು. ಆಮೇಲೆ ನನ್ನ ಮುಖ ನೋಡಿದರು, ಮಾತು ನನ್ನ ಕಡೆ ಎಲ್ಲೋ ಬಿದ್ದಿದೆ, ಎತ್ತಿ ಕೊಡು ಅನ್ನುವ ಹಾಗೆ. ಬಲಗೈ ಹಿಟ್ಟಿನ ಮೇಲೆಯೇ ಸೋತು ಕೂತಿತು.

ವಾಡಿಯಿಂದ ಕಲಬುರಗಿಗೆ ಸಿಕ್ಕ ಮೊದಲ ಗಾಡಿ ಹಿಡಿದೆವು. ಡಾಕ್ಟರು ಲಕ್ವಾ, ಪಾರ್ಶ್ವವಾಯು ಅಂದರು. ಜೀವ ಉಳಿಯಿತು. ದಿನಾ ಪೂಜೆ ಮುಗಿದ ಮೇಲೆ ಶಿವ ಕೊಟ್ಟದ್ದನ್ನು ಬೆರಳಿನ ಮೇಲೆ ಎಣಿಸುವುದು ನನ್ನ ರೂಢಿ. ಆ ದಿನದ ಮೊದಲ ಬೆರಳು ಅದಕ್ಕೆ ಹೋಯಿತು. ತಿಂಗಳಲ್ಲಿ ಕೈ ಅರ್ಧದಷ್ಟು ತಿರುಗಿ ಬಂತು. ಇನ್ನೊಂದು ಬೆರಳು. ಮಾತು ಮಾತ್ರ ಬರಲಿಲ್ಲ. "ಶಿವಾ" ಅನ್ನುವುದೊಂದೇ ಬಾಯಲ್ಲಿ ಉಳಿಯಿತು. ಹಸಿವಾದರೂ ಶಿವಾ, ನೊಣ ಕೂತರೂ ಶಿವಾ, ಫ್ಯಾನು ಹಚ್ಚು ಅನ್ನುವುದಕ್ಕೂ ಶಿವಾ. ದೇವರ ಹೆಸರು ಉಳಿಯಿತಲ್ಲ ಎಂದು ಬಂದವರು ಸಮಾಧಾನ ಹೇಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. ಆದರೆ ನಲವತ್ತು ಮನೆಯ ಮದುವೆಯಲ್ಲಿ ನಿಂತು ಮಾತಾಡಿದ ಹೆಂಗಸು ಅವರು. ಒಂದು ಶಬ್ದದಲ್ಲಿ ಎಷ್ಟು ದಿನ ಇರಬಲ್ಲರು?

ಮಾತು ಕಲಿಸುವ ಡಾಕ್ಟರಮ್ಮ ನಮ್ಮ ಕಡೆಯವರೇ, ಸೇಡಂನವರು. ನನ್ನನ್ನು ಬೇರೆ ಕರೆದು ಹೇಳಿದರು.

"ನೋಡ್ರಿ ಅಕ್ಕಾ, ನಾವು ಹೊಸದಾಗಿ ಆಡೋ ಮಾತು ಒಂದು ಕಡೆ ಇರ್ತದ. ಬಾಯಿಪಾಠ ಮಾಡಿದ್ದು, ಹಾಡು, ಪದ, ಅದು ಬ್ಯಾರೇನೇ ಕಡೆ ಕುಂತಿರ್ತದ. ಅಜ್ಜಿ ಸಣ್ಣ ವಯಸ್ಸಿನ್ಯಾಗ ಭಾಳ ಸಲ ಹೇಳಿದ್ದು ಏನರ ಇದ್ರ ಮೊದಲಿನ ಸಾಲು ನೀವು ಹೇಳ್ರಿ. ಮುಂದಿಂದು ಅವರ ಬಾಯಾಗ ಬಂದೀತು. ಬರದೇನೂ ಇರಬಹುದು. ಆದ್ರ ಜಲ್ದಿ ಮಾಡ್ರಿ. ಈ ಮೂರು ನಾಕು ತಿಂಗಳು ಭಾಳ ಮುಖ್ಯ. ಆಮ್ಯಾಲ ನಾಲಿಗಿ ಸುಮ್ನಿರೋದನ್ನೇ ಕಲ್ತು ಬಿಡ್ತದ."

ಮನೆಗೆ ಬಂದು ವಚನ ಹೇಳಿದೆವು. ಕಣ್ಣು ಮುಚ್ಚಿ ಕೇಳಿದರು, ರೆಪ್ಪೆಯಲ್ಲಿ ನೀರು ತಂದುಕೊಂಡರು, ನಾಲಿಗೆ ಏಳಲಿಲ್ಲ. ಆರತಿ ಹಾಡಿದೆವು, ತೊಟ್ಟಿಲ ಪದ ಹಾಡಿದೆವು. ಮೂರನೆಯ ದಿನ ಅವರಿಗೇ ಸಿಟ್ಟು ಬಂತು. ಗೋಡೆ ಹಿಡಿದು ಎದ್ದು ಒಳಬಾಗಿಲಿಗೆ ಹೋದರು. ಎರಡೂ ಕೈ ಚಾಚಿ ಬಾಗಿಲು ತಡೆದ ಹಾಗೆ ನಿಂತರು. ಆಮೇಲೆ ಈಚೆ ಬಂದು, ಅದೇ ಬಾಗಿಲಿಗೆ ಮುಖ ಮಾಡಿ, ತಲೆ ತಗ್ಗಿಸಿ ಸೆರಗು ಹೊದ್ದು ನಿಂತರು. ತಡೆದವರೂ ಅವರೇ, ತಡೆಸಿಕೊಂಡವರೂ ಅವರೇ. ಆಗ ನನಗೆ ಹೊಳೆಯಿತು.

ಅದು ಒಡಪು. ಹೊಸ ಸೊಸೆ ಮನೆಗೆ ಬರುವಾಗ ನಾದಿನಿಯರು ಬಾಗಿಲು ಕಟ್ಟುತ್ತಾರೆ. ಗಂಡನ ಹೆಸರು ಹೇಳಿದರೆ ದಾರಿ. ಬರೀ ಹೆಸರು ಹೇಳುವ ಹಾಗಿಲ್ಲ. ನಾಲ್ಕು ಸಾಲು ಕಟ್ಟಿ, ಅದರೊಳಗೆ ಆ ಹೆಸರನ್ನು ಅಡಗಿಸಿ ಹೇಳಬೇಕು. ಮಿಕ್ಕ ದಿನಗಳಲ್ಲಿ ಬಾಯಿಗೆ ಬಾರದ ಹೆಸರು ಒಡಪಿನೊಳಗೆ ಮಾತ್ರ ಬರುತ್ತದೆ. ಚಿಂಚೋಳಿ ಕಡೆಯ ಐನಾಪುರದಿಂದ ಈ ಮನೆಗೆ ಬಂದ ದಿನ ಅತ್ತೆ ಹೇಳಿದ ಒಡಪು ಊರೆಲ್ಲ ಹೆಸರಾಗಿತ್ತಂತೆ. ಈಗ ಅವರಿಗೆ ಬೇಕಾದದ್ದು ಅದು. ಅದರ ಒಂದು ಸಾಲೂ ನನಗೆ ನೆನಪಿರಲಿಲ್ಲ.

ಬರೆದುಕೊಂಡದ್ದು ಮಾತ್ರ ನೆನಪಿತ್ತು. ನಾನು ಮದುವೆಗೆ ಮುಂಚೆ ಚಿತ್ತಾಪುರದಲ್ಲಿ ಕನ್ನಡ ಟೈಪಿಂಗ್ ಕಲಿತವಳು. ಬೆರಳು ಸುಮ್ಮನಿರುವುದಿಲ್ಲ. ಅತ್ತೆ ಬೇಳೆ ಆರಿಸುತ್ತ, ಬತ್ತಿ ಹೊಸೆಯುತ್ತ ಹೇಳಿದ ಒಡಪು, ಸೋಬಾನೆ, ಬೀಸುವ ಪದಗಳನ್ನೆಲ್ಲ ವರ್ಷಗಟ್ಟಲೆ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆಮೇಲೆ ನಾದಿನಿ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು. ಆಕೆ ನಮ್ಮ ಯಜಮಾನರ ತಂಗಿ, ಶಹಾಬಾದದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅದರಲ್ಲಿ ಕಾಗದ ಬರೆಯುವ ಪ್ರೋಗ್ರಾಂ ಇರಲಿಲ್ಲ, ಆಕೆ ಮಕ್ಕಳಿಗೆ ಕೋಡ್ ಬರೆಯಲು ಕಲಿಸುವ ಎಡಿಟರ್ ಒಂದೇ ಇತ್ತು. "ಇದರಾಗೇ ಬರೀರಿ ವೈನಿ, ಅದಕ್ಕ ಕೋಡ್ ಆದ್ರೇನು, ಕುಟ್ಟೋ ಪದ ಆದ್ರೇನು" ಎಂದಿದ್ದಳು. ಕರಿ ಪರದೆ, ಎಡಕ್ಕೆ ಸಾಲಿನ ಅಂಕಿ. ನೋಟುಬುಕ್ಕಿನ ಒಂದೊಂದು ಹಾಳೆಯನ್ನು ಒಂದೊಂದು ಫೈಲು ಮಾಡಿದೆ. ಹೆಸರು ನನಗೆ ತೋಚಿದ ಹಾಗೆ: ಸೇಡಂ ಮದುವೆ ಒಂದು, ಸೇಡಂ ಮದುವೆ ಎರಡು, ಸುಮ್ಮನೆ ಕೂತಾಗ ಹೇಳಿದ್ದು, ಮಳೆ ಬಂದ ದಿನ. ನೋಟುಬುಕ್ಕು ಗೆದ್ದಲು ಹತ್ತಿ ಹೋದವು. ಫೈಲು ಉಳಿದವು.

ಆ ಭಾನುವಾರ ನಾದಿನಿ ಬಂದಾಗ ನಾನು ಒಂದೊಂದೇ ಫೈಲು ತೆರೆದು ನೋಡುತ್ತಿದ್ದೆ.

"ವೈನಿ, ಏನ್ ಮಾಡಾಕತ್ತೀರಿ? ಮುನ್ನೂರು ಫೈಲ್ ಅವ ಇಲ್ಲಿ. ಹಿಂಗ ನೋಡಿದ್ರ ಶ್ರಾವಣ ಬರ್ತದ."

"ಮತ್ತ ಹ್ಯಾಂಗ ನೋಡಬೇಕವಾ? ಡಬ್ಬಿ ತಗೀಲಾರದ ಒಳಗ ಉಪ್ಪು ಅದನೋ ಸಕ್ರಿ ಅದನೋ ಹ್ಯಾಂಗ ತಿಳೀತದ?"

"ಡಬ್ಬಿ ತಗೀಲಾರದೇ ಒಳಗ ನೋಡೋದು ಇದರಾಗ ಅದ. ಇಷ್ಟು ವರ್ಷ ನೀವು ಅದನ್ನ ಬರೀ ಬಳಪ ಪಾಟಿ ಮಾಡ್ಕೊಂಡೀರಿ. ಸರೀರಿ ಆ ಕಡೆ."

ನಾನು ಸರಿಯಲಿಲ್ಲ. ನನ್ನ ಕೈಯಿಂದಲೇ ಮಾಡಿಸು ಎಂದೆ. ಆಕೆ ಹೇಳುತ್ತ ಹೋದಳು, ನಾನು ಮಾಡಿದೆ. ಮೊದಲು ಬಿಡಿ ಫೈಲು ಬಿಟ್ಟು ಇಡೀ ಫೋಲ್ಡರನ್ನೇ ತೆರೆಯಬೇಕು. ಆಮೇಲೆ ಮೂರು ಗುಂಡಿ ಕೂಡಿಸಿ ಒತ್ತಿದರೆ ಎಡಕ್ಕೆ ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಆ ಮೂರು ಗುಂಡಿ ಮರೆಯದಿರಲಿ ಎಂದು ಹಣೆಗೆ ಹಚ್ಚುವ ಟಿಕಳಿಯ ಚೀಟಿಯಿಂದ ಮೂರು ಕೆಂಪು ತೆಗೆದು ಅಂಟಿಸಿದೆ. ನಾದಿನಿ ನಕ್ಕಳು, ಕಿತ್ತುಹಾಕಲಿಲ್ಲ. ಪೆಟ್ಟಿಗೆಯ ಕೆಳಗೆ ಯಾವುದನ್ನು ಹುಡುಕಬಾರದು ಎಂದು ಬರೆಯುವ ಜಾಗ ಇತ್ತು. ಅಲ್ಲಿ ನನ್ನ ಅಡುಗೆಯ ಫೋಲ್ಡರಿನ ಹೆಸರು ಹಾಕಿಸಿದಳು. ಇಲ್ಲದಿದ್ದರೆ ಒಡಪಿನ ನಡುವೆ ಶೇಂಗಾ ಹಿಂಡಿ ಬರುತ್ತದೆ ಅಂದಳು. ಆಮೇಲೆ ಸಿಕ್ಕ ಸಾಲಿನ ಜೊತೆ ಅದರ ಮೇಲಿನ ಮೂರು, ಕೆಳಗಿನ ಮೂರು ಸಾಲುಗಳೂ ಕಾಣುವ ಹಾಗೆ ಕೂಡಿಸಿದೆವು. ನಡುವೆ ಕರೆಂಟು ಹೋಯಿತು. ಬ್ಯಾಟರಿ ಇತ್ತು. ಅದಕ್ಕೂ ಒಂದು ಬೆರಳು ಮಡಚಿದೆ.

ಪೆಟ್ಟಿಗೆಯ ಬಲಕ್ಕೆ ಮೂರು ಸಣ್ಣ ಗುರುತುಗಳಿದ್ದವು. "ಮೊದಲಿಂದು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಕ್ಕ, ನಮಗ ಬ್ಯಾಡ. ಎರಡನೇದು ಶಬ್ದ ಇಡೀ ಕೂಡಿದ್ರ ಮಾತ್ರ ತೋರಸ್ತದ, ಅದೂ ಬ್ಯಾಡ. ಮೂರನೇದು..." ಎಂದು ತಾನೇ ಬೆರಳು ಚಾಚಿ ಅದನ್ನು ಒತ್ತುವಷ್ಟರಲ್ಲಿ ಅತ್ತೆ ಒಳಗಿನಿಂದ ಶಿವಾ ಅಂದರು. ನಾದಿನಿ ಚಹಾ ಕೊಡಲು ಎದ್ದಳು. ಮೂರನೆಯದರ ಮಾತು ಅಲ್ಲಿಗೇ ನಿಂತಿತು.

ಮುಂದಿನ ಹತ್ತು ಹನ್ನೆರಡು ದಿನ ನಾನು ಎಚ್ಚರದಲ್ಲಿದ್ದೆನೋ ಕನಸಿನಲ್ಲಿದ್ದೆನೋ ಹೇಳಲಾರೆ. ಅಡುಗೆ ಮುಗಿಸಿ, ಅತ್ತೆಗೆ ಗಂಜಿ ಕುಡಿಸಿ, ಅವರ ಮಂಚದ ಪಕ್ಕ ಕೂರುತ್ತಿದ್ದೆ. ಹೊರಗೆ ರಾವೂರಿನಿಂದ ಕಲ್ಲಿನ ಲಾರಿಗಳು ಹೋಗುತ್ತಿದ್ದವು. ಬಿಳಿ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲಿ, ಇಳಿಯಲು ಮನಸ್ಸಿಲ್ಲದ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಪೆಟ್ಟಿಗೆಯಲ್ಲಿ ಬಾಗಿಲು ಎಂದು ಬರೆಯುತ್ತಿದ್ದೆ. ಕರಿ ಪರದೆಯ ಮೇಲೆ ಬಾಗಿಲುಗಳು ಒಂದರ ಕೆಳಗೊಂದು ಏಳುತ್ತಿದ್ದವು. ಕದ ಹಾಕಿದ ಬಾಗಿಲು, ತೋರಣದ ಬಾಗಿಲು, ಮೂಡಲ ಬಾಗಿಲು. ಹೊಸ್ತಿಲು ಎಂದು ಬರೆದರೆ ಅರಿಷಿಣ ಹಚ್ಚಿದ ಎಷ್ಟೋ ಹೊಸ್ತಿಲುಗಳು. ಎಲ್ಲಿಯೋ ಒಬ್ಬಾಕೆ ಚಿಮ್ಮನಚೋಡದ ದಾರಿಯಲ್ಲಿ ನಿಂತು ಅಣ್ಣನನ್ನು ಕಾಯುತ್ತಿದ್ದಳು. ಅದನ್ನು ಓದುತ್ತ ನಾನೂ ಆ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಅತ್ತೆಯ ದನಿ, ಅದು ಇದ್ದ ಕಾಲದ ದನಿ, ಸಾಲಿನಿಂದ ಸಾಲಿಗೆ ನಡೆದು ಬರುತ್ತಿತ್ತು. ಮಂಚದ ಮೇಲೆ ಮಲಗಿದವರ ತುಟಿ ಮುಚ್ಚಿತ್ತು, ಪರದೆಯ ಮೇಲೆ ಅವರು ಮಾತಾಡುತ್ತಲೇ ಇದ್ದರು.

ಸಿಕ್ಕದ್ದನ್ನೆಲ್ಲ ಓದಿ ಹೇಳುತ್ತಿದ್ದೆ. ಅತ್ತೆ ತಲೆ ಆಡಿಸುತ್ತಿದ್ದರು. ಅಲ್ಲ. ಅಲ್ಲ. ತವರು ಎಂದು ಹುಡುಕಿದ ದಿನ ನಗು ಬಂತು. ಹೆಣ್ಣುಮಕ್ಕಳ ಪದದಲ್ಲಿ ತವರು ಇಲ್ಲದ ಸಾಲು ಎಲ್ಲಿದೆ? ಸಾವಿರದ ಹತ್ತಿರ ಬಂದವು. ಓದಿ ಓದಿ ನಾಲ್ಕನೆಯ ದಿನಕ್ಕೆ ಅತ್ತೆ ಗೋಡೆಗೆ ತಿರುಗಿ ಮಲಗಿದರು.

ಮರುದಿನ ಓದಲು ಕೂತರೆ ಕೈಯಿಂದ ಲ್ಯಾಪ್‌ಟಾಪಿನ ಮುಚ್ಚಳ ಒತ್ತಿದರು. ಅಂದು ಶಿವಾ ಅಂತಲೂ ಅನ್ನಲಿಲ್ಲ. ಡಾಕ್ಟರಮ್ಮ ಹೇಳಿದ ತಿಂಗಳುಗಳಲ್ಲಿ ಎರಡು ಆಗಲೇ ಮುಗಿದಿದ್ದವು.

ನಾದಿನಿ ಮತ್ತೆ ಬಂದಳು. ಹೇಳಿದ್ದು ಕೇಳಿ, ಇಷ್ಟು ಸರಳ ಹೊಳೀಲಿಲ್ಲ ನಮಗ ಎಂದು ಹಣೆ ಬಡಿದುಕೊಂಡಳು.

"ವೈನಿ, ಒಡಪು ಅಂದ್ರ ಏನು? ಗಂಡನ ಹೆಸರು. ನಮ್ಮಪ್ಪನ ಹೆಸರು ಹಾಕಿ ಹುಡುಕಿದ್ರ ಆಗ್ತದಲ್ಲ! ಹಾಕ್ರಿ."

ನಾನು ಗುಂಡಿಗಳ ಮೇಲಿಂದ ಕೈ ಹಿಂದಕ್ಕೆ ತೆಗೆದುಕೊಂಡೆ.

"ಅಯ್ಯ, ನೀವು ಮಾವನ ಹೆಸರು ಹ್ಯಾಂಗ ಹಾಕ್ತೀರಿ, ಖರೇ. ಸರೀರಿ, ನಾನೇ ಹಾಕ್ತೀನಿ. ಮಗಳಿಗೇನು ನಾಚಿಕಿ."

ಹಾಕಿದಳು. ಫಲಿತಾಂಶ ಇಲ್ಲ ಎಂದು ಬಂತು. ಕಾಗುಣಿತ ತಿರುಗಿಸಿ ಹಾಕಿದಳು, ಅರ್ಧ ಹೆಸರು ಹಾಕಿದಳು, ಊರವರು ಕರೆಯುತ್ತಿದ್ದ ಹೆಸರು ಹಾಕಿದಳು. ಇಲ್ಲ. ಮುನ್ನೂರು ಫೈಲಿನಲ್ಲಿ ಒಂದು ಕಡೆಯೂ ಇಲ್ಲ. ಆಕೆಯ ಮುಖ ಸಣ್ಣದಾಯಿತು. ಮಾವ ಹೋಗಿ ಆರು ವರ್ಷವಾಗಿತ್ತು.

"ಅವ್ವ ಇಷ್ಟೆಲ್ಲ ಹೇಳ್ಯಾಳ, ಅಪ್ಪನ ಹೆಸರು ಒಂದು ಸಲನೂ ಬಂದಿಲ್ಲೇನು? ಇಲ್ಲಾ ನೀವೇ ಬರಕೊಂಡಿಲ್ಲೇನು ವೈನಿ?"

ಬೈದದ್ದಲ್ಲ, ಕೇಳಿದ್ದು. ಆದರೂ ಎದೆಯಲ್ಲಿ ನೆಟ್ಟಿತು. ಬಹುಶಃ ಆ ಒಡಪನ್ನೇ ನಾನು ಬರೆದುಕೊಂಡಿಲ್ಲ. ಆ ಹಾಳೆ ಗೆದ್ದಲಿಗೆ ಹೋಯಿತು. ನನ್ನ ಆಲಸ್ಯದಿಂದ ಅತ್ತೆಯ ಬಾಯಿ ಮುಚ್ಚಿಯೇ ಉಳಿಯಿತು. ಆಕೆ ಬಸ್ಸಿಗೆ ಹೋದ ಮೇಲೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿತ್ತು. ಮನೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ನೆನೆಯುವುದು ನನ್ನ ವಾಡಿಕೆ. ಮಾವನವರ ಸರದಿ ಬಂದಾಗ, ಎಂದಿನಂತೆ, ಹೆಸರನ್ನು ಬಾಯಲ್ಲಿ ಹೇಳದೆ ಒಂದೊಂದು ಅಕ್ಷರಕ್ಕೆ ಒಂದೊಂದು ಬೆರಳು ಒತ್ತಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯ ಬೆರಳ ಮೇಲೆ ಕೈ ಹಾಗೇ ನಿಂತಿತು.

ನಾನು ಆ ಹೆಸರು ಬರೆದೇ ಇಲ್ಲ. ಬರೆಯುವುದು ಹೇಗೆ? ಅತ್ತೆಯೂ ಬೇಳೆ ಆರಿಸುತ್ತ ಹೇಳುವಾಗ ಆ ಜಾಗದಲ್ಲಿ ತಡೆದು, ಗಲ್ಲ ಎತ್ತಿ ಹೊರಗಿನ ಕಟ್ಟೆಯ ಕಡೆ ತೋರಿಸುತ್ತಿದ್ದರು, ಮಾವ ಅಲ್ಲಿ ಪೇಪರು ಓದುತ್ತಿರುತ್ತಿದ್ದರು. ನಾನು ಅಕ್ಷರಕ್ಕೊಂದರಂತೆ ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದೆ. ಕೈಯಲ್ಲಿ ಬರೆದಾಗಲೂ ಚುಕ್ಕಿ, ಟೈಪು ಮಾಡಿದಾಗಲೂ ಚುಕ್ಕಿ. ಅದು ಎಷ್ಟು ರೂಢಿಯಾಗಿತ್ತೆಂದರೆ ಮರೆತೇ ಹೋಗಿತ್ತು.

ಪೂಜೆ ಮುಗಿಸಿ, ರೊಟ್ಟಿ ಬಡಿದು, ಮಧ್ಯಾಹ್ನ ನಾದಿನಿಗೆ ಕ್ಲಾಸು ಬಿಡುವ ಹೊತ್ತಿಗೆ ಫೋನು ಮಾಡಿದೆ. ಚುಕ್ಕಿಯ ಮಾತು ಹೇಳಿದೆ. ಆಕೆ ಜೋರಾಗಿ ನಕ್ಕಳು.

"ಎಪ್ಪಾ, ನಿಮ್ಮ ಸಂಗಡ ಏನ್ ಹೇಳಬೇಕು ವೈನಿ! ಕಂಪ್ಯೂಟರ್‌ಗೂ ಮಾವನ ಹೆಸರು ಕೇಳಸಬಾರದಂತ ಇಟ್ಟೀರಿ! ಹಾಕ್ರಿ, ಐದು ಚುಕ್ಕಿ ಹಾಕ್ರಿ."

ಹಾಕಿದೆ. ಇಡೀ ಪರದೆ ಹಳದಿಯಾಗಿ ಹೊತ್ತಿಕೊಂಡಿತು. ಎಲ್ಲ ಫೈಲು, ಎಲ್ಲ ಸಾಲು. ತೊಗರಿ ಹೂ ಬಿಟ್ಟ ಕಾಲದಲ್ಲಿ ಸೇಡಂ ರಸ್ತೆಯ ಮೇಲೆ ಬಸ್ಸಿನಿಂದ ಕಾಣುತ್ತದಲ್ಲ, ಹಾಗೆ. ಒಂದು ಕ್ಷಣ ಎಲ್ಲ ಸಾಲಿನಲ್ಲೂ ಮಾವನವರೇ ಇದ್ದಾರೆ ಅನ್ನಿಸಿತು.

"ಎಲ್ಲಾನೂ ಬಂತಲ್ಲವಾ."

"ಎಲ್ಲಾನೂ? ತಡೀರಿ, ಪೆಟ್ಟಿಗಿ ಬಾಜೂಕ ಮೂರನೇ ಗುರುತು ಹತ್ತ್ಯದೇನು ನೋಡ್ರಿ. ಅವತ್ತು ನಾನೇ ಒತ್ತಿ ಚಹಾಕ್ಕ ಎದ್ದು ಹೋದೆ. ಅದು ಹತ್ತಿದ್ರ ಚುಕ್ಕಿ ಅಂದ್ರ ಅದಕ್ಕ ಚುಕ್ಕಿ ಅಲ್ಲ, ಯಾವ ಅಕ್ಷರ ಬೇಕಾದ್ರೂ ಆಗ್ತದ. ಬಂದ್ ಮಾಡ್ರಿ ಅದನ್ನ."

ಆರಿಸಿದೆ. ಹಳದಿ ಇಳಿಯಿತು. ಇಪ್ಪತ್ತೆರಡು ಕಡೆ ಉಳಿಯಿತು. ಫೋನು ಹಾಗೇ ಸ್ಪೀಕರಿನಲ್ಲಿಟ್ಟು ಅತ್ತೆಯ ಮಂಚಕ್ಕೆ ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿದ್ದರು. ಒಂದನೆಯದು ಓದಿದೆ, ಎರಡು, ಮೂರು. ಏಳನೆಯದು "ಮಳೆ ಬಂದ ದಿನ" ಎನ್ನುವ ಫೈಲಿನಲ್ಲಿತ್ತು.

ತವರ ಹೊಲದಾಗ ತೊಗರಿ ಹೂವಿನ ಬೆಳಕ,

ಎಂದು ಓದಿದೆ. ಅತ್ತೆಯ ಬೆನ್ನು ಅಲುಗಿತು. ನಾನು ಮುಂದಿನ ಸಾಲಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗೋಡೆಯ ಕಡೆಯಿಂದ, ಬಹಳ ದೂರದ ಬಾವಿಯಿಂದ ಸೇದಿದ ಹಾಗೆ, ದನಿ ಬಂತು.

"ಹಾದ್ಯಾಗ... ಬಿಳೀ ಧೂಳ... ಹಣಿ ಮ್ಯಾಲ... ವಿಭೂತಿ ತಿಲಕ."

ಫೋನಿನಲ್ಲಿ ನಾದಿನಿ ಅಳುವುದು ಕೇಳಿಸಿತು. ನಾನು ಅಳಲಿಲ್ಲ, ಅತ್ತರೆ ಸಾಲು ತಪ್ಪುತ್ತದೆಂದು. "ದಾರಿ ಬಿಡ್ರಿ ನಾದಿನ್ಯಾರ" ಎಂದೆ.

"ದಣದ ಬಂದೀನಿ ನಡದ" ಎಂದರು ಅತ್ತೆ, ಈ ಸಲ ತಡೆಯದೆ. ನನ್ನ ಕಡೆ ತಿರುಗಿಯೂ ಬಿಟ್ಟರು.

ಉಳಿದದ್ದು ಕಡೆಯ ಸಾಲು. ಐದು ಚುಕ್ಕಿ, ಅವರ ಹೆಸರು ಹೇಳೀನಿ ಶಿವನ ನೆನದ. ಚುಕ್ಕಿಗಳ ಮುಂದೆ ನಾನು ನಿಂತೆ. ಅವರು ಹೇಳಲಿ ಎಂದು. ಅತ್ತೆ ನನ್ನ ನೋಡಿದರು. ಬಾಗಿಲ ಕಡೆ ನೋಡಿದರು. ನಮ್ಮ ಯಜಮಾನರು ಊಟಕ್ಕೆ ಬಂದು ಚಪ್ಪಲಿ ಬಿಟ್ಟು, ಏನಾಗುತ್ತಿದೆ ತಿಳಿಯದೆ ಅಲ್ಲೇ ನಿಂತಿದ್ದರು. ಅತ್ತೆಯ ಮುಖದಲ್ಲಿ ಎರಡು ತಿಂಗಳಿಂದ ನೋಡದ ಒಂದು ನಗು ಎದ್ದಿತು. ಬಾಗಿಲು ಕಟ್ಟಿದ ನಾದಿನಿಯರ ನಗು.

"ನೀ ಹೇಳು" ಎಂದರು ನನಗೆ, ಬಾಗಿಲು ಕಟ್ಟಿದವರು ಹೊಸ ಸೊಸೆಗೆ ಅನ್ನುವ ರೂಢಿಯ ಮಾತು.

"ಅತ್ತೀ!"

"ನೀ... ಹೇಳು."

"ಹೇಳ್ರಿ ವೈನಿ, ಹೇಳ್ರಿ. ಇಲ್ಲಂದ್ರ ದಾರಿ ಇಲ್ಲ" ಎಂದು ಫೋನಿನಿಂದ ನಾದಿನಿ ಅಳುತ್ತಲೇ ಕಾಡಿದಳು. ಯಜಮಾನರು ಕಕ್ಕಾಬಿಕ್ಕಿ. ಈ ವಯಸ್ಸಿನಲ್ಲಿ, ಹಿಟ್ಟು ಮೆತ್ತಿದ ಸೀರೆಯಲ್ಲಿ, ನಾನು ಸೆರಗು ಸರಿಮಾಡಿಕೊಂಡು ಅತ್ತೆಯ ಆ ಕಡೆಯ ಸಾಲನ್ನು ನನ್ನ ಗಂಡನ ಹೆಸರು ಸೇರಿಸಿ ಹೇಳಿದೆ. ಇಲ್ಲಿ ಬರೆಯುವುದಿಲ್ಲ. ಯಜಮಾನರು ನೆಲ ನೋಡಿದರು. ಅತ್ತೆ ಅರ್ಧ ಬಂದ ಕೈಯನ್ನು ಎತ್ತಿ ನನ್ನ ಗಲ್ಲ ಮುಟ್ಟಿ ನಟಿಕೆ ಮುರಿದರು, ಸದ್ದು ಬರಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಒಡಪು ಬಂದಷ್ಟು ಸಲೀಸಾಗಿ ನೀರು ಕೊಡು ಎನ್ನುವುದು ಬರಲಿಲ್ಲ. ಡಾಕ್ಟರಮ್ಮ ಕೇಳಿ ಸಂತೋಷಪಟ್ಟರು, ಬಾಗಿಲು ತೆರೀತು, ಆದ್ರ ಸಾವಕಾಶ ಒಳಗ ಹೋಗ್ರಿ ಎಂದರು. ಈಗ ದಿನಕ್ಕೊಂದು ಶಬ್ದ ಅತ್ತೆ ತಾವೇ ತರುತ್ತಾರೆ. ಬೆಳಿಗ್ಗೆಯಿಂದ ಬಾಯಲ್ಲಿ ಹೊರಳಿಸಿ ಹೊರಳಿಸಿ ಮಧ್ಯಾಹ್ನಕ್ಕೆ ಹೇಳುತ್ತಾರೆ. ಒಮ್ಮೆ ಮೊರ, ಒಮ್ಮೆ ಹಂಡೆ. ನಾನು ಪೆಟ್ಟಿಗೆಯಲ್ಲಿ ಅದನ್ನು ಬರೆಯುತ್ತೇನೆ, ಅದು ಇರುವ ಪದಗಳೆಲ್ಲ ಎದ್ದು ಬರುತ್ತವೆ, ಅವರಿಗೆ ಬೇಕಾದದ್ದನ್ನು ಓದುತ್ತೇನೆ, ಅವರು ಮುಂದುವರಿಸುತ್ತಾರೆ. ಹಾಗೆ ಹೇಳುವಾಗ ಬಿಡಿ ಶಬ್ದಗಳು ಅಲ್ಲೊಂದು ಇಲ್ಲೊಂದು ನಾಲಿಗೆಗೆ ಅಂಟಿಕೊಂಡು ಉಳಿಯುತ್ತವೆ. ಬೆರಳು ಮಡಚಿ ಎಣಿಸುವಷ್ಟು.

ನಿನ್ನೆ ತಂದ ಶಬ್ದ ಕುಸುಬಿ, ನಮ್ಮ ಕಡೆಯ ಎಣ್ಣೆಕಾಳಿನ ಬೆಳೆ. ಕಿಟಕಿಯಲ್ಲಿ ಅದೇ ಬಿಸಿಲು, ಅದೇ ಇಳಿಯದ ಧೂಳು. ಕುಸುಬಿ ಎಂದು ಬರೆದೆ. ಫಲಿತಾಂಶ ಇಲ್ಲ. ಮೂರನೆಯ ಗುರುತು ನೋಡಿದೆ, ಆರಿತ್ತು. ಮತ್ತೆ ಬರೆದೆ.

"ಇಲ್ಲರಿ ಅತ್ತೀ. ಕುಸುಬಿ ಇರೋದು ಸಿಗವಲ್ದು."

ಅತ್ತೆಗೆ ಸಿಟ್ಟು ಬಂತು. ಪರದೆಯ ಮೇಲೆ ಬೆರಳಿನಿಂದ ಬಡಿದರು. ಬಾಯಿ ತೆರೆದರು, ಮುಚ್ಚಿದರು. ನಾನು ಮಾತು ಎತ್ತಿ ಕೊಡಲು ಹೋಗಲಿಲ್ಲ.

"ಅದು... ನಾ ಹೇಳಿಲ್ಲ ನಿನಗ" ಎಂದರು. ಒಡಪಲ್ಲ, ಪದವಲ್ಲ, ಯಾವ ಫೈಲಿನಲ್ಲೂ ಇಲ್ಲದ ಮಾತು. ಹೇಳಿದ ಮೇಲೆ ತಾವೇ ಬೆರಗಾಗಿ ತುಟಿ ಮುಟ್ಟಿಕೊಂಡರು. ಆಮೇಲೆ ಕಾಲು ಮಡಚಿ ಸರಿಯಾಗಿ ಕೂತರು.

"ಈಗ ಬರಕೋ."

ನಾನು ಹೊಸ ಫೈಲು ತೆರೆದು ಕಾದೆ.